ಮುದೀರರಿಗೆ ಹಿಮದ ಗುಡ್ಡ ಹುಡುಕಿಕೊಟ್ಟದ್ದು

ಬೇರೆಯವರ ಮಗಳಿಗೆ ಗಂಡು ಹುಡುಕಿಕೊಟ್ಟವರು ನಮ್ಮ ಕಡೆ ಬೇಕಾದಷ್ಟು ಜನ ಸಿಗುತ್ತಾರೆ. ಬೇರೆಯವರಿಗೆ ಬಾಡಿಗೆ ಮನೆ, ಕೆಲಸದವಳು, ಹಳೆಯ ಕಾರು ಹುಡುಕಿಕೊಟ್ಟವರೂ ಇದ್ದಾರೆ. ಅವರಿಗೆಲ್ಲ ಕೊನೆಗೆ ಸಿಕ್ಕುವುದು ಬೈಗುಳವೇ ಆದರೂ ತಾವು ಹುಡುಕಿದ್ದು ಏನೆಂಬುದಾದರೂ ಅವರಿಗೆ ಗೊತ್ತಿರುತ್ತದೆ. ನಾನು ಹುಡುಕಿಕೊಡುವುದು ಹಿಮದ ಗುಡ್ಡ. ಕಾಲಿಗೆ ಉದ್ದನೆಯ ಹಲಗೆ ಕಟ್ಟಿಕೊಂಡು ಮೇಲಿನಿಂದ ಕೆಳಕ್ಕೆ ಜಾರಲು ಯೋಗ್ಯವಾದ, ತೀರ ಕಡಿದೂ ಅಲ್ಲದ, ತೀರ ಮಟ್ಟಸವೂ ಅಲ್ಲದ, ಸೀಸನ್ ಮುಗಿಯುತ್ತ ಬಂದರೂ ಹಿಮ ಉಳಿಸಿಕೊಂಡಿರುವ ಗುಡ್ಡ. ನಾನಾದರೋ ಹಿಮವನ್ನು ಮುಟ್ಟಿರುವುದು ಫಹಾಹೀಲಿನ ನಮ್ಮ ಫ್ಲ್ಯಾಟಿನ ಫ್ರೀಜರಿನಲ್ಲಿ, ಬಂಗುಡೆಯ ಪೊಟ್ಟಣ ಗೋಡೆಗೆ ಅಂಟಿಕೊಂಡಾಗ ಅದನ್ನು ಚಮಚದ ಹಿಡಿಯಿಂದ ಎಬ್ಬಿಸುವ ಸಂದರ್ಭದಲ್ಲಿ ಮಾತ್ರ. ಜಾರಿರುವುದು ಬಚ್ಚಲಿನಲ್ಲಿ. ಈ ಎರಡು ಅನುಭವಗಳ ಬಲದ ಮೇಲೆ ನಾನು ಒಂದು ದೊಡ್ಡ ಮನೆತನದ ಹಬ್ಬದ ರಜೆಯನ್ನು ವರ್ಷ ವರ್ಷವೂ ತೀರ್ಮಾನ ಮಾಡುತ್ತೇನೆ ಎಂದರೆ, ನಂಬುವುದು ಬಿಡುವುದು ನಿಮಗೆ ಸೇರಿದ್ದು. ನನಗೇ ಕೆಲವು ಸಲ ನಂಬಿಕೆ ಬರುವುದಿಲ್ಲ.

ಕುವೈತಿನಲ್ಲಿ ಏರ್ ಕಂಡಿಷನರಿನ ಬಿಡಿಭಾಗಗಳನ್ನು ತರಿಸಿ ಮಾರುವ ಕಂಪನಿಯೊಂದರಲ್ಲಿ ನಾನು ಸೆಕ್ರೆಟರಿ. ಊರಿಗೆಲ್ಲ ತಂಪು ಮಾರುವವರಿಗೆ ತಮಗೆ ಇನ್ನಷ್ಟು ತಂಪು ಬೇಕೆನಿಸುವುದರಲ್ಲಿ ಆಶ್ಚರ್ಯವಿಲ್ಲ. ನಮ್ಮ ಯಜಮಾನರನ್ನು ಆಫೀಸಿನಲ್ಲಿ ಎಲ್ಲರೂ ಮುದೀರ್ ಎನ್ನುತ್ತೇವೆ. ಮುದೀರ್ ಎಂದರೆ ಮ್ಯಾನೇಜರ್. ನಮ್ಮಲ್ಲಿ ಮ್ಯಾನೇಜರೂ ಅವರೇ, ಮಾಲೀಕರೂ ಅವರೇ, ನನ್ನ ಇಕಾಮಾಕ್ಕೆ, ಎಂದರೆ ಇಲ್ಲಿ ವಾಸಕ್ಕಿರುವ ಪರವಾನಗಿಗೆ, ಜಾಮೀನು ನಿಂತ ಕಫೀಲರು ಯಾರು ಎಂದು ಕೇಳಿದರೆ ಅದೂ ಅವರೇ. ಕೆಟ್ಟವರಲ್ಲ. ಸಂಬಳ ನಿಲ್ಲಿಸಿದವರಲ್ಲ, ಕೂಗಾಡಿದವರಲ್ಲ. ಕೂಗಾಡುವ ಯಜಮಾನರಾಗಿದ್ದರೆ ಅವರ ಬಗ್ಗೆ ನಾಲ್ಕು ಜನರ ಹತ್ತಿರ ಹೇಳಿಕೊಂಡು ಹಗುರಾಗಬಹುದಿತ್ತು. ಮೆತ್ತಗೆ ಮಾತಾಡುವವರ ಕೆಳಗೆ ಕೆಲಸ ಮಾಡುವವಳಿಗೆ ಆ ಸುಖವೂ ಇಲ್ಲ. ನನ್ನ ಹೆಸರು ಸುಜಾತಾ. ಅವರ ಬಾಯಲ್ಲಿ ಸುಜಿ. ಆ ಹೆಸರು ಕೇಳಿದಾಗಲೆಲ್ಲ ನಾನು ರವೆಯ ಡಬ್ಬದಿಂದ ಎದ್ದುಬಂದ ಹಾಗೆ ಎದ್ದುಹೋಗುತ್ತೇನೆ.

ಗುಡ್ಡದ ಕೆಲಸ ನನ್ನ ತಲೆಗೆ ಬಂದದ್ದೂ ಹೀಗೆ ಎದ್ದುಹೋದಾಗಲೇ. ಕೆಲವು ವರ್ಷಗಳ ಹಿಂದೆ ಅವರ ಟಿಕೆಟು ಗಿಕೆಟು ನೋಡಿಕೊಳ್ಳುತ್ತಿದ್ದ ಟ್ರಾವೆಲ್ಸಿನವನು ರಜೆಯಲ್ಲಿದ್ದ. "ಸುಜಿ, ಸ್ಕೀ ಮಾಡುವುದಕ್ಕೆ ಒಳ್ಳೆಯ ಜಾಗ ನೋಡುತ್ತೀಯಾ? ನಿನಗೆ ಗೊತ್ತಾ ಇದೆಲ್ಲ?" ಎಂದು ಕೇಳಿದರು. ಗಲ್ಫಿಗೆ ಬಂದ ನಮ್ಮ ಕರಾವಳಿಯವರ ನಾಲಗೆಯಿಂದ ಮೊದಲು ಬಿದ್ದುಹೋಗುವ ಶಬ್ದ "ಗೊತ್ತಿಲ್ಲ" ಎಂಬುದು. ಇಂಟರ್‌ವ್ಯೂನಲ್ಲಿ ಅರಬಿ ಟೈಪಿಂಗ್ ಗೊತ್ತಾ ಎಂದರೆ ಗೊತ್ತು, ಅಕೌಂಟ್ಸ್ ಗೊತ್ತಾ ಎಂದರೆ ಗೊತ್ತು. ಆಮೇಲೆ ಮನೆಗೆ ಬಂದು ಯಾರ ಯಾರ ಕಾಲೋ ಹಿಡಿದು ಕಲಿಯುವುದು. ಹಾಗಾಗಿ "ಗೊತ್ತು ಸರ್" ಎಂದೆ. ಹಿಮದಲ್ಲಿ ಜಾರುವುದಕ್ಕೂ ಒಂದು ವಿದ್ಯೆ ಉಂಟು, ಅದಕ್ಕೊಂದು ಕಾಲ ಉಂಟು ಎಂಬುದು ಆಮೇಲೆ ತಿಳಿದದ್ದು. ಆ ವರ್ಷ ಅದು ಹೇಗೋ ಒಳ್ಳೆಯ ಗುಡ್ಡವೇ ಸಿಕ್ಕಿತು. ಅವರು ಬಂದು ನನ್ನ ಮೇಜಿನ ಮೇಲೊಂದು ಚಾಕಲೇಟಿನ ಡಬ್ಬ ಇಟ್ಟರು. ಅಲ್ಲಿಗೆ ಖಲಾಸ್, ಟ್ರಾವೆಲ್ಸಿನವನು ರಜೆಯಿಂದ ಬಂದರೂ ಗುಡ್ಡ ನನ್ನ ತಲೆಯ ಮೇಲೆಯೇ ಉಳಿಯಿತು.

ಕಲಿತೆ. ಕಲಿಯದೆ ಏನು ಮಾಡುವುದು? ಸೀಸನ್ನಿನ ಕೊನೆಯ ಹಿಮ ಎಂದರೆ ಕುವೈತಿನ ಚಳಿಗಾಲದಲ್ಲಿ ನಮ್ಮ ಬಚ್ಚಲಿನ ಕಿಟಕಿಯಲ್ಲಿಟ್ಟ ತೆಂಗಿನೆಣ್ಣೆಯ ಹಾಗೆ: ಬೆಳಿಗ್ಗೆ ಕಲ್ಲು, ಬಿಸಿಲು ಏರಿದ ಮೇಲೆ ಬೆಣ್ಣೆ, ಮಧ್ಯಾಹ್ನ ಕಳೆದರೆ ಬರೀ ನೀರು. ಆದ್ದರಿಂದ ಊರು ಎತ್ತರದಲ್ಲಿರಬೇಕು. ಗುಡ್ಡದ ತುದಿ ಮಾತ್ರ ಎತ್ತರವಿದ್ದು ಊರು ಕೆಳಗಿದ್ದರೆ ಹೋಟೆಲಿನ ಬಾಗಿಲು ತೆರೆದಾಗ ಕಾಣುವುದು ಕೆಸರು. ಜಾರುವ ದಾರಿ ಬಡಗಣ ಮುಖದಲ್ಲಿರಬೇಕು. ನಮ್ಮ ಮನೆಯ ತುಳಸಿ ಬಡಗಣ ಕಿಟಕಿಯಲ್ಲಿಟ್ಟರೆ ಮಾತ್ರ ಬದುಕುತ್ತದಲ್ಲ, ಅದೇ ಲೆಕ್ಕ. ದಾರಿಗಳಿಗೆ ಬಣ್ಣ ಇರುತ್ತದೆ. ನೀಲಿ ಎಂದರೆ ಸಲೀಸು, ಕೆಂಪು ಎಂದರೆ ಮಧ್ಯಮ, ಕಪ್ಪು ಎಂದರೆ ಇನ್ಷೂರೆನ್ಸ್ ಮಾಡಿಸಿಕೊಂಡು ಹೋಗುವುದು. ಇಷ್ಟನ್ನೆಲ್ಲ ನಾನು ಹೇಳುವುದನ್ನು ಕೇಳಿ ನಮ್ಮ ಅಕೌಂಟೆಂಟ್, ಈಜಿಪ್ಟಿನ ಹಿಶಾಮ್, ಚಹಾದ ಲೋಟ ಹಿಡಿದುಕೊಂಡು ಬಂದು ನನ್ನ ಕಾಲಿನ ಚಪ್ಪಲಿ ನೋಡುತ್ತಾರೆ. "ಯಾ ಸುಜಿ, ಒಂದು ಜೊತೆ ಕಾಲುಚೀಲ ಇಲ್ಲದವಳು ನೀನು. ನಮ್ಮಲ್ಲಿ ಈಜು ಬಾರದವನು ದೋಣಿ ಮಾರುತ್ತಾನೆ, ಅವನಿಗಿಂತ ನೀನು ಜೋರು" ಎನ್ನುತ್ತಾರೆ. ಅವರಿಗೆ ನನ್ನ ಮೇಲೆ ಸ್ವಲ್ಪ ಹೊಟ್ಟೆಕಿಚ್ಚು. ಅವರಿಗೆ ಚಾಕಲೇಟು ಸಿಕ್ಕಿರಲಿಲ್ಲ.

ಮುದೀರರಿಗೆ ರಜೆ ಸಿಗುವುದು ರಂಜಾನ್ ಹಬ್ಬಕ್ಕೆ. ಆ ಹಬ್ಬ ಚಂದ್ರನ ಲೆಕ್ಕದ್ದು, ಹಿಮ ಸೂರ್ಯನ ಲೆಕ್ಕದ್ದು. ಈಚಿನ ವರ್ಷಗಳಲ್ಲಿ ಇವೆರಡೂ ಮಾರ್ಚಿನ ಕೊನೆಯ ಹೊತ್ತಿಗೆ ಒಂದರ ಬಾಲ ಒಂದು ಹಿಡಿದುಕೊಂಡಿವೆ. ಹಬ್ಬದ ಮೊದಲ ದಿನಗಳು ತಾಯಿ ಮನೆ, ಅಕ್ಕಂದಿರ ಮನೆ ಎಂದು ಹೋಗುತ್ತವೆ. ಆಮೇಲೆ ಹೊರಡುವುದು. ಅಷ್ಟರಲ್ಲಿ ಅರ್ಧ ಗುಡ್ಡಗಳು ಹಲಗೆ ಕಟ್ಟಿಟ್ಟು ಬಾಗಿಲು ಹಾಕುವ ಯೋಚನೆಯಲ್ಲಿರುತ್ತವೆ. ಹಬ್ಬ ಇಂಥ ದಿನವೇ ಎಂದು ಚಂದ್ರ ಕಾಣುವ ತನಕ ಯಾರೂ ಹೇಳುವ ಹಾಗಿಲ್ಲ. ಹಿಮ ಇಂಥ ದಿನದ ತನಕ ಇರುತ್ತದೆ ಎಂದು ಅದು ಕರಗುವ ತನಕ ಯಾರೂ ಹೇಳುವ ಹಾಗಿಲ್ಲ. ಈ ಎರಡು ಆಕಾಶದ ಸಂಗತಿಗಳ ನಡುವೆ ಹೋಟೆಲು ಬುಕ್ ಮಾಡುವವಳು ನಾನು.

ಈ ವರ್ಷ ನನಗೂ ಅದೇ ದಿನಗಳು ಬೇಕಾಗಿದ್ದವು. ನಮ್ಮ ಒಬ್ಬಳೇ ಮಗಳು ದೀಕ್ಷಾಳ ನಿಶ್ಚಿತಾರ್ಥ. ಅವಳು ಮಣಿಪಾಲದಲ್ಲಿ ಫಿಸಿಯೋಥೆರಪಿ ಓದಿ ಅಲ್ಲೇ ಕೆಲಸಕ್ಕೆ ಸೇರಿದವಳು. ಹುಡುಗನ ಅಕ್ಕ ಮಸ್ಕತ್ತಿನಲ್ಲಿ, ನನ್ನ ಮೈದುನ ದೋಹಾದಲ್ಲಿ; ಎಲ್ಲರಿಗೂ ರಜೆ ಹೊಂದುವುದು ಈ ಹಬ್ಬಕ್ಕೇ. ನಮ್ಮ ಮನೆಗಳ ಮುಹೂರ್ತವನ್ನು ಪಂಚಾಂಗ ನೋಡಿ ಇಡುವುದು ನಿಂತು ಯಾವುದೋ ಕಾಲವಾಯಿತು. ಈಗ ಇಡುವುದು ಗಲ್ಫಿನ ರಜೆ ನೋಡಿ. ಮುಲ್ಕಿಯಲ್ಲಿ ಹಾಲ್ ಗೊತ್ತು ಮಾಡಿಯೂ ಆಗಿತ್ತು. ನನ್ನವರು ಎಗೈಲಾದ ಮಾಲಿನಲ್ಲಿ ಪಾತ್ರೆ ಪರಡಿಯ ಅಂಗಡಿಯ ಸೂಪರ್‌ವೈಸರ್. ಅವರ ರಜೆ ಸುಲಭದಲ್ಲಿ ಮಂಜೂರಾಗಿ ಸೂಟ್‌ಕೇಸು ಮಂಚದ ಕೆಳಗಿನಿಂದ ಹೊರಗೂ ಬಂದಿತ್ತು. ನನ್ನದು ಮಾತ್ರ ಮುದೀರರ ಕೈಯಲ್ಲಿ. ಈಗಂತೂ ರಜೆ ಕೊಟ್ಟರೆ ಸಾಲದು, ದೇಶ ಬಿಟ್ಟು ಹೊರಡಬೇಕಾದರೆ ಎಕ್ಸಿಟ್ ಪರ್ಮಿಟ್‌ಗೆ ಕಂಪನಿಯ ಒಪ್ಪಿಗೆ ಬೇಕು. ಆ ಒಪ್ಪಿಗೆ ಎಂದರೆ ಅವರ ಫೋನಿನಲ್ಲಿ ಒಂದು ಬಟನ್. ಕೇಳಿದೆ. "ಮಬ್ರೂಕ್, ಮಬ್ರೂಕ್" ಎಂದು ಮನಸಾರೆ ಶುಭ ಹೇಳಿದರು. ಮಗಳ ಹೆಸರು ಕೇಳಿದರು, ಹುಡುಗನ ಕೆಲಸ ಕೇಳಿದರು. ಆಮೇಲೆ, "ಇನ್ ಶಾ ಅಲ್ಲಾ ಸುಜಿ. ಮೊದಲು ಗುಡ್ಡ ಆಗಲಿ, ಆಮೇಲೆ ನಿನ್ನ ರಜೆ" ಎಂದರು.

ಮನೆಗೆ ಬಂದು ಹೇಳಿದಾಗ ನನ್ನವರು ಪಡಿ ಅಕ್ಕಿ ಆರಿಸುವವರ ಹಾಗೆ ತಾಳ್ಮೆಯಿಂದ ಕೇಳಿದರು. "ಅಂದ್ರೆ ಎಂತ? ಅವರಿಗೆ ಜಾರ್ಲಿಕ್ಕೆ ಜಾಗ ಸಿಕ್ಕದಿದ್ರೆ ನನ್ನ ಮಗಳಿಗೆ ಉಂಗುರ ಇಲ್ವಾ?"

"ಸಿಗ್ತದೆ. ನಾನು ಹುಡುಕ್ತೇನಲ್ಲ."

"ಹುಡುಕು ಮಾರಾಯ್ತಿ. ನೀನು ಅವರಿಗೆ ಗುಡ್ಡ ಹುಡುಕು, ನಾನು ಊರಿಗೆ ಹೋಗಿ ಪೆಂಡಾಲಿನವನನ್ನು ಹುಡುಕ್ತೇನೆ. ಯಾರಿಗೆ ಮೊದಲು ಸಿಗ್ತದೆ ನೋಡುವ."

ಗುಡ್ಡ ಹುಡುಕುವ ಮೊದಲು ಜಾರುವವರ ಅಂತಸ್ತು ತಿಳಿಯಬೇಕು. ಹೋಟೆಲಿನವರು, ಸ್ಕೀ ಶಾಲೆಯವರು, ಎಲ್ಲರೂ ಕೇಳುವುದು ಅದೇ: ಕಲಿಯುವವರಾ, ಮಧ್ಯಮವಾ, ಪಳಗಿದವರಾ? ಇದನ್ನು ನಾನು ಯಜಮಾನರ ಮುಖ ನೋಡಿ ಹೇಗೆ ಕೇಳುವುದು? ಹಿಂದಿನ ವರ್ಷ ಅವರನ್ನು ಗುಡ್ಡದಿಂದ ಸ್ಟ್ರೆಚರಿನಲ್ಲಿ ಮಲಗಿಸಿ ಇಳಿಸಿದ್ದು ನನಗೆ ಗೊತ್ತು. ಇನ್ಷೂರೆನ್ಸಿನವರ ಜೊತೆ ಮಾತಾಡಿದ್ದು ನಾನೇ. ಆದರೂ ಕೇಳಿದೆ. "ನಾವೆಲ್ಲ ಸ್ಟ್ರಾಂಗ್" ಎಂದರು. "ಕಳೆದ ವರ್ಷ ಹಿಮ ಸರಿ ಇರಲಿಲ್ಲ." ಹಿರಿಯ ಮಗ ನಾಸರ್ ತಾನು ಕಪ್ಪು ದಾರಿಯವನೆಂದು ತಾನೇ ಫೋನು ಮಾಡಿ ಹೇಳಿದ. ಮುದೀರರ ಹೆಂಡತಿ, ನಮ್ಮ ಮೇಡಂ, ಮಾತ್ರ ಯಾರಿಗೂ ಕೇಳಿಸದ ಹಾಗೆ, "ಸುಜಿ, ನನಗೆ ಮಧ್ಯಮ ಅಂತ ಬರಿ, ಆದರೆ ಸುಲಭದ್ದು ನೋಡು" ಎಂದರು. ಎಲ್ಲರನ್ನೂ ಸೇರಿಸಿ ನಾನು ಮಧ್ಯಮ ಎಂದು ಬರೆದೆ. ದೀಕ್ಷಾಳ ಜಾತಕದ ಜೊತೆ ಕಳಿಸುವ ಕಾಗದದಲ್ಲಿ ಬಣ್ಣ ಎಂಬಲ್ಲಿ ನನ್ನವರು ಗೋಧಿ ಬಣ್ಣ ಎಂದು ಬರೆದಿದ್ದರು. ನಮ್ಮ ಕಡೆಯ ಹೆಣ್ಣುಮಕ್ಕಳೆಲ್ಲ ಮದುವೆಯ ವಯಸ್ಸಿಗೆ ಬರುವಾಗ ಗೋಧಿ ಬಣ್ಣಕ್ಕೆ ತಿರುಗುತ್ತಾರೆ. ಹಿಮದ ಗುಡ್ಡದಲ್ಲಿ ಮಧ್ಯಮ ಎಂಬುದೂ ಗೋಧಿ ಬಣ್ಣವೇ. ಯಾರಿಗೂ ಬೇಸರವಿಲ್ಲ, ಯಾರೂ ಪರೀಕ್ಷೆ ಮಾಡಿ ನೋಡುವುದಿಲ್ಲ, ಬಿದ್ದ ಮೇಲೆ ನೋಡಿಕೊಳ್ಳಬಹುದು.

ಹುಡುಕುವುದು ಕಷ್ಟವಲ್ಲ, ಹುಡುಕಿದ್ದು ನಿಲ್ಲುವುದು ಕಷ್ಟ. ಬೆಳಿಗ್ಗೆ ನಾನು ಫ್ರಾನ್ಸಿನ ಒಂದು ಎತ್ತರದ ಊರು ತೋರಿಸಿದರೆ ಮುದೀರರು "ಬಹಳ ಒಳ್ಳೆಯದು, ಯಲ್ಲಾ, ಮಾಡು" ಎನ್ನುವರು. ಸಂಜೆ ಅವರು ದಿವಾನಿಯಾಕ್ಕೆ ಹೋಗುವರು. ದಿವಾನಿಯಾ ಎಂದರೆ ಗಂಡಸರು ಕೂತು ಚಹಾ ಕುಡಿಯುತ್ತ ಮಾತಾಡುವ ಚಾವಡಿ. ನಮ್ಮ ಅಂಗಡಿಕಟ್ಟೆಗೆ ಕಾರ್ಪೆಟ್ ಹಾಸಿ ಎ.ಸಿ. ಇಟ್ಟರೆ ಅದೇ. ಅಲ್ಲಿ ಯಾರಾದರೂ ಒಬ್ಬರು, "ಫ್ರಾನ್ಸಾ? ನನ್ನ ಭಾವ ಹೋಗಿದ್ದ, ಹಿಮ ಇರಲಿಲ್ಲ" ಎನ್ನುವರು. ಮರುದಿನ ಫ್ರಾನ್ಸು ಕರಗಿ ಹೋಗಿರುತ್ತಿತ್ತು. ಆಸ್ಟ್ರಿಯಾದಲ್ಲಿ ಹಿಮನದಿಯ ಮೇಲೆಯೇ ಜಾರುವ ಜಾಗ ತೋರಿಸಿದೆ, ಮೇಡಂಗೆ ಅಲ್ಲಿ ಉಸಿರು ಕಟ್ಟುತ್ತದೆಂದು ಯಾರೋ ಹೇಳಿದರು. ಜಾರ್ಜಿಯಾ ಹತ್ತಿರ ಎಂದೆ. ಹತ್ತಿರದ್ದಕ್ಕೆ ಎಲ್ಲರೂ ಹೋಗುತ್ತಾರೆ ಎಂದರು. ಹೀಗೆ ನಾನು ಬೆಳಿಗ್ಗೆ ಕಟ್ಟಿದ ಗುಡ್ಡವನ್ನು ಸಂಜೆ ಆ ಚಾವಡಿಯಲ್ಲಿ ಕೂತವರು ಕಾಳು ಸುಲಿಯುವ ಹಾಗೆ ಸುಲಿದು ಬಿಸಾಡುತ್ತಿದ್ದರು. ಅವರಲ್ಲಿ ಒಬ್ಬರ ಮುಖವನ್ನೂ ನಾನು ನೋಡಿದವಳಲ್ಲ. ಆದರೆ ನನ್ನ ಮಗಳ ನಿಶ್ಚಿತಾರ್ಥಕ್ಕೆ ನಾನು ಹೋಗುವುದೋ ಬೇಡವೋ ಎಂದು ಅಲ್ಲಿ ತೀರ್ಮಾನವಾಗುತ್ತಿತ್ತು. ಕನ್ಯಾಪಕ್ಷದ ಹಿರಿಯರು ಎಂದು ಆಮಂತ್ರಣದಲ್ಲಿ ಅವರ ಹೆಸರನ್ನೇ ಹಾಕಿಸಿದ್ದರೆ ತಪ್ಪಾಗುತ್ತಿರಲಿಲ್ಲ.

ನನ್ನವರು ಊರಿಗೆ ಹೊರಡುವ ಮುನ್ನಾದಿನ ಅಬ್ಬಾಸಿಯಾದಲ್ಲಿ ತಲೆಕೂದಲು ಕತ್ತರಿಸಿಕೊಳ್ಳಲು ಹೋದವರು ಒಂದು ಫೋನ್ ನಂಬರು ತಂದರು. ಕ್ಷೌರದಂಗಡಿಯಲ್ಲಿ ಪಕ್ಕದ ಕುರ್ಚಿಯವರು ಮಾತಿಗೆ ಸಿಕ್ಕಿದರಂತೆ. ಅವರ ಸೋದರಳಿಯ ಸಂದೇಶ ಎಂಬವನು ಆಲ್ಪ್ಸ್ ಬೆಟ್ಟದ ಒಂದು ಊರಿನ ಹೋಟೆಲಿನಲ್ಲಿ ವೇಟರ್. "ಅವನು ಅಲ್ಲೇ ಇರ್ತಾನೆ, ಹಿಮ ಉಂಟಾ ಇಲ್ವಾ ಕಿಟಕಿಯಲ್ಲಿ ನೋಡಿ ಹೇಳ್ತಾನೆ" ಎಂದರು. ನಾನು ವಾರಗಟ್ಟಲೆ ಕಂಪ್ಯೂಟರಿನಲ್ಲಿ ಕಣ್ಣು ಹಾಳುಮಾಡಿಕೊಂಡು ಓದಿದ್ದೆಲ್ಲ ಆ ಕ್ಷಣಕ್ಕೆ ಬೂದಿಯಾಯಿತು. ಫೋನು ಮಾಡಿದೆ. ಮೊದಲು ಹಿಮದ ಸುದ್ದಿ ಕೇಳಿದೆನೇ? ಇಲ್ಲ. ನಿಮ್ಮದು ಊರಲ್ಲಿ ಎಲ್ಲಿ ಎಂದು ಕೇಳಿದೆ. ಪಡುಬಿದ್ರಿ ಹತ್ತಿರ ಎಂದ. ಯಾರ ಮನೆ ಎಂದೆ. ಹೇಳಿದ. ಅವನ ಚಿಕ್ಕಮ್ಮನನ್ನು ಕೊಟ್ಟದ್ದು ನನ್ನ ತವರಿನ ಬೇಲಿಯಾಚೆಯ ಮನೆಗೆ. ಅಷ್ಟಾದ ಮೇಲೆ ಅವನು ಸುಳ್ಳು ಹೇಳುವ ಸಾಧ್ಯತೆ ಎಲ್ಲಿಂದ ಬರಬೇಕು?

"ಹಿಮ ಉಂಟಾ ಸಂದೇಶ?"

"ಉಂಟು ಅಕ್ಕ. ಬೇಕಾದಷ್ಟು ಉಂಟು."

"ಹಬ್ಬ ಕಳೆದು ಬರುವುದು. ಆಗಲೂ ಇರ್ತದಾ?"

"ನೀವು ಬುಕ್ ಮಾಡಿ ಅಕ್ಕ, ಎಂತ ಹೆದರಬೇಡಿ. ಮಧ್ಯಮದವರಿಗೆ ನಮ್ಮ ಗುಡ್ಡದಂಥ ಗುಡ್ಡ ಇಲ್ಲ. ಅಗಲ ದಾರಿ, ಜನ ಕಡಿಮೆ. ಹಲಾಲ್ ಊಟ ನಾನು ಅಡುಗೆಯವನಿಗೆ ಹೇಳಿ ಮಾಡಿಸ್ತೇನೆ. ನಮ್ಮವರು ಅಂತ ನೋಡಿಕೊಳ್ತೇನೆ."

ನಮ್ಮವರು ಎಂದದ್ದರಲ್ಲಿ ಅವನ ಹೋಟೆಲಿನವರೇ ಮೊದಲು ಎಂದು ಆಗ ನನಗೆ ಹೊಳೆಯಲಿಲ್ಲ. ಆ ಊರು ಎಷ್ಟು ಎತ್ತರದಲ್ಲಿದೆ ಎಂದು ನೋಡಲಿಲ್ಲ. ದಾರಿ ಯಾವ ದಿಕ್ಕಿಗೆ ಮುಖ ಮಾಡಿದೆ ಎಂದು ನೋಡಲಿಲ್ಲ. ಕಲಿತ ತೆಂಗಿನೆಣ್ಣೆಯ ಪಾಠವನ್ನೆಲ್ಲ ಬಿಟ್ಟು, ಬೇಲಿಯಾಚೆಯ ಮನೆಯ ಸೊಸೆಯ ಅಕ್ಕನ ಮಗ ಹೇಳಿದನೆಂದು ಮುದೀರರ ಕೋಣೆಗೆ ಹೋಗಿ, "ಸರ್, ಈ ಊರಿನಲ್ಲಿ ಹಿಮ ಇದೆ. ನಮ್ಮ ಸಂಬಂಧಿಕರು ಅಲ್ಲೇ ಇದ್ದಾರೆ" ಎಂದೆ.

ಮುದೀರರು ಕನ್ನಡಕ ತೆಗೆದು ನನ್ನನ್ನೇ ನೋಡಿದರು. ಇಷ್ಟು ವರ್ಷಗಳಲ್ಲಿ ಅವರು ನನ್ನನ್ನು ಹಾಗೆ ನೋಡಿದ್ದು ಅದೇ ಮೊದಲು. "ನಿನಗೆ ಅಲ್ಲಿ ವಾಸ್ತಾ ಇದೆಯಾ?" ಎಂದು ಕೇಳಿದರು. ವಾಸ್ತಾ ಎಂದರೆ ಒಳಗಿನ ಪರಿಚಯ. ಅದು ಇದ್ದರೆ ಇಲ್ಲಿ ಕಲ್ಲೂ ಸರಿಯುತ್ತದೆ ಎನ್ನುತ್ತಾರೆ. "ಇದನ್ನು ಮೊದಲೇ ಹೇಳಬಾರದಿತ್ತೇ ಸುಜಿ. ಸುಮ್ಮನೆ ನಕಾಶೆ, ಎತ್ತರ ಎಂದೆಲ್ಲ ನನ್ನ ತಲೆ ತಿಂದೆ." ಆ ದಿನ ಅವರು ದಿವಾನಿಯಾದಲ್ಲಿ ಯಾರನ್ನೂ ಕೇಳಲಿಲ್ಲ. ನನ್ನ ಎದುರಿಗೇ ಫೋನು ತೆಗೆದು ಬಟನ್ ಒತ್ತಿದರು. ನನಗೆ ನಗು ಬಂತು. ಇಷ್ಟು ವರ್ಷ ಒಂದೇ ಆಫೀಸಿನಲ್ಲಿ ಕೂತು ನಾವು ಬೇರೆ ಬೇರೆ ಜಾತಿಯ ಜನ ಎಂದುಕೊಂಡಿದ್ದೆವು. ಗುರುತಿನವನು ಹೇಳಿದರೆ ಗುಡ್ಡವನ್ನೂ ಕಣ್ಣು ಮುಚ್ಚಿ ಕೊಳ್ಳುವ ವಿಷಯದಲ್ಲಿ ನಾವು ಒಂದೇ ಬಳಿಯವರು, ಒಂದೇ ಗೋತ್ರದವರು. ಹಿಶಾಮ್ ಮಾತ್ರ ಚಹಾದ ಲೋಟ ತಿರುಗಿಸುತ್ತ, "ವೇಟರ್ ಹೇಳಿದನಾ? ಸಂತೋಷ" ಎಂದರು. ಹೊಟ್ಟೆಕಿಚ್ಚಿನವರು ಎಂದುಕೊಂಡೆ.

ಮುದೀರರ ವಿಮಾನವೂ ನನ್ನ ವಿಮಾನವೂ ಹೆಚ್ಚು ಕಡಿಮೆ ಒಂದೇ ಹೊತ್ತಿಗೆ, ಒಂದು ಬಡಗಿಗೆ, ಒಂದು ತೆಂಕಿಗೆ. ಊರಿಗೆ ಬಂದು, ಸೂಟ್‌ಕೇಸು ಬಿಚ್ಚಿ, ನಾದಿನಿಗೆ ಬಾದಾಮಿ ಪೊಟ್ಟಣ ಕೊಟ್ಟು, ಬೆವರು ಒರೆಸಿಕೊಂಡು ಫ್ಯಾನಿನ ಅಡಿ ಕೂತಾಗ ಸಂದೇಶನ ಧ್ವನಿಯ ಮೆಸೇಜು ಬಂದಿತ್ತು. "ಅಕ್ಕ, ನಿಮ್ಮಿಂದ ದೊಡ್ಡ ಉಪಕಾರ ಆಯ್ತು. ಬುಕಿಂಗ್ ಇಲ್ಲದೆ ಹೋಟೆಲು ಮುಚ್ಚಿ ನಮ್ಮನ್ನೆಲ್ಲ ಮನೆಗೆ ಕಳಿಸುವುದರಲ್ಲಿದ್ರು. ಈಗ ನಿಮ್ಮ ಕುವೈತಿನವರು ಅಷ್ಟೂ ರೂಮು ತಕ್ಕೊಂಡದ್ದರಿಂದ ತಿಂಗಳ ಕೊನೆ ತನಕ ಕೆಲಸ ಉಂಟು. ನಿಮ್ಮನ್ನು ಮರೆಯುವುದಿಲ್ಲ." ನಾನು ಅದನ್ನು ಇನ್ನೊಮ್ಮೆ ಕೇಳಿದೆ. ಆಮೇಲೆ ಅವನಿಗೆ ಫೋನು ಮಾಡಿದೆ.

"ಸಂದೇಶ, ನಿಜ ಹೇಳು. ಹಿಮ ಉಂಟಾ?"

"ಉಂಟು ಅಕ್ಕ. ಮೇಲೆ ಉಂಟು."

"ಕೆಳಗೆ?"

"ಕೆಳಗೆ ಸ್ವಲ್ಪ ಹುಲ್ಲು ಕಾಣ್ತದೆ."

"ಎಷ್ಟು ಹುಲ್ಲು?"

"ಕುರಿ ಮೇಯ್ತಾ ಉಂಟು ಅಕ್ಕ."

ಬೈಯಬೇಕೆಂದಿದ್ದೆ. ಆದರೆ ಕೆಲಸ ಉಳಿಸಿಕೊಳ್ಳುವುದಕ್ಕೆ ಅವನು ಹಿಮ ಉಂಟು ಎಂದ. ರಜೆ ಗಿಟ್ಟಿಸಿಕೊಳ್ಳುವುದಕ್ಕೆ ನಾನು ಅದನ್ನು ನಂಬಿದೆ. ಹೇಳುವಾಗ ಅವನೂ ಕೇಳುವಾಗ ನಾನೂ ಗುಡ್ಡದ ಕಡೆ ನೋಡಿರಲಿಲ್ಲ. "ಆಯ್ತು, ಅವರಿಗೆ ಊಟವಾದರೂ ಸರಿ ಮಾಡಿ ಹಾಕು" ಎಂದು ಇಟ್ಟೆ.

ಆಮೇಲಿನ ದಿನಗಳನ್ನು ಹೇಗೆ ಹೇಳುವುದು? ಮದುವೆಗೆ ಮೊದಲು ಮನೆಯಲ್ಲಿ ನಡೆಯುವ ಮೊದಲ ಕಾರ್ಯ. ಸೀರೆ ಅಂಗಡಿಗೆ ಹೋಗಬೇಕು, ಮಲ್ಲಿಗೆಗೆ ಹೇಳಬೇಕು, ಬಳೆ ನೋಡಬೇಕು. ಎಲ್ಲದಕ್ಕೂ ಹೋದೆ. ಆದರೆ ಆ ಗುಡ್ಡದ ಮೇಲೊಂದು ಕ್ಯಾಮೆರಾ ಇಟ್ಟಿದ್ದಾರೆ, ಫೋನಿನಲ್ಲಿ ನೋಡಿದರೆ ದಾರಿ ಕಾಣುತ್ತದೆ. ಬೆಳಿಗ್ಗೆ ಎದ್ದು ಹಲ್ಲುಜ್ಜುವ ಮೊದಲು ಅದರಲ್ಲಿ ಹಿಂದಿನ ಸಂಜೆಯ ಚಿತ್ರ ನೋಡುವುದು ರೂಢಿಯಾಯಿತು. ಬಿಳಿ ಸೀರೆಯ ಮೇಲೆ ಸಾರು ಚೆಲ್ಲಿದ ಹಾಗೆ ಅಲ್ಲಲ್ಲಿ ಕಂದು. ದಿನದಿಂದ ದಿನಕ್ಕೆ ಸಾರೇ ಹೆಚ್ಚು, ಸೀರೆ ಕಡಿಮೆ. ಸೀರೆ ಅಂಗಡಿಯವನು ನಿಜವಾದ ರೇಷ್ಮೆ ಹರಡಿ, "ಅಮ್ಮ, ಈ ಬಾರ್ಡರು ನೋಡಿ" ಎನ್ನುವಾಗ ನಾನು ಮೇಡಂ ಈಗ ಯಾವ ಕೆಸರಿನಲ್ಲಿ ನಿಂತಿದ್ದಾರೋ ಎಂದು ಯೋಚಿಸುತ್ತಿದ್ದೆ. ಮುದೀರರಿಂದ ಒಂದು ಮೆಸೇಜು ಇಲ್ಲ, ಒಂದು ಮಾತಿಲ್ಲ. ಬೈದಿದ್ದರೆ ಆಗುತ್ತಿತ್ತು. ಮದುವೆ ಡಿಸೆಂಬರಿನಲ್ಲಿ; ಅದಕ್ಕೆ ಇನ್ನೂ ದೊಡ್ಡ ರಜೆ ಕೇಳಬೇಕು, ಅದೇ ಬಟನ್, ಅದೇ ಬೆರಳು. ಹುಲ್ಲಿನ ಮೇಲೆ ಹಲಗೆ ಹೊತ್ತು ನಡೆದ ಮನುಷ್ಯ ಆ ಬೆರಳನ್ನು ಎತ್ತುವನೇ?

"ಎಂತ ನೋಡ್ತಿ ಅದರಲ್ಲಿ?" ನನ್ನವರು ಕೇಳಿದರು.

"ಗುಡ್ಡ."

"ಅವರು ಅಲ್ಲಿ ತಲುಪಿ ಆಯ್ತಲ್ಲ. ಇನ್ನು ನೀನು ನೋಡಿದ್ರೆ ಹಿಮ ಬೀಳ್ತದಾ?"

"ನಿಮಗೆ ಗೊತ್ತಾಗುವುದಿಲ್ಲ" ಎಂದೆ. ಅವರಿಗೆ ಗೊತ್ತಾಗುವುದಕ್ಕೇನಿತ್ತು, ಅವರು ಪಾತ್ರೆ ಮಾರುವವರು. ಕರಗುವ ಮಾಲಲ್ಲ.

ನಿಶ್ಚಿತಾರ್ಥದ ದಿನ ಹಾಲಿನಲ್ಲಿ ಜನ ತುಂಬಿದ್ದರು. ಎಷ್ಟು ಫ್ಯಾನು ತಿರುಗಿದರೂ ಮಲ್ಲಿಗೆ ಬಾಡುವಷ್ಟು ಸೆಕೆ. ಮಗಳು ಹಸಿರು ಸೀರೆ ಉಟ್ಟಿದ್ದಳು, ಅವಳಿಗೆ ಒಪ್ಪುವ ಹಸಿರು. ಅದನ್ನು ಆರಿಸಿದ್ದು ನಾನೇ ಎಂದು ಆಮೇಲೆ ಎಲ್ಲರೂ ಹೇಳಿದರು, ನನಗೆ ನೆನಪಿಲ್ಲ. ಹುಡುಗನ ಕಡೆಯವರು ಬಂದರು, ಶರಬತ್ತು ಆಯಿತು. ಹಿರಿಯರು ಎರಡು ಕಡೆಯ ಹೆಸರು ಹೇಳಿ ಹೂ-ವೀಳ್ಯದ ಹರಿವಾಣ ಬದಲಾಯಿಸುವುದು, ಆಮೇಲೆ ಉಂಗುರ. ಹರಿವಾಣ ಹಿಡಿದು ನಿಲ್ಲಬೇಕಾದವಳು ಹುಡುಗಿಯ ತಾಯಿ. ಹಿರಿಯರು ಇನ್ನೂ ಕನ್ನಡಕ ಹುಡುಕುತ್ತಿದ್ದರು, ಸ್ವಲ್ಪ ಹೊತ್ತುಂಟು ಎನಿಸಿತು. ಬೆಳಿಗ್ಗೆ ಗಡಿಬಿಡಿಯಲ್ಲಿ ಗುಡ್ಡ ನೋಡಿರಲಿಲ್ಲ. ಸೆರಗಿನಲ್ಲಿ ಫೋನು ಮುಚ್ಚಿಕೊಂಡು ಹಾಲಿನ ಹಿಂಬಾಗಿಲಿನಿಂದ ಅಡುಗೆಯವರು ಇರುವಲ್ಲಿಗೆ ಹೋದೆ. ಕ್ಯಾಮೆರಾ ತೆರೆದರೆ ಬರೀ ಬಿಳಿ. ನೆಟ್‌ವರ್ಕ್ ಹೋಗಿದೆ ಎಂದುಕೊಂಡೆ. ಸಂದೇಶನಿಗೆ ಫೋನು ಮಾಡಿದೆ.

"ಅಕ್ಕ, ಬೀಳ್ತಾ ಉಂಟು," ಎಂದ.

"ಎಂತ ಬೀಳ್ತಾ ಉಂಟು?"

"ಹಿಮ ಅಕ್ಕ. ನಿನ್ನೆ ರಾತ್ರಿಯಿಂದ. ಈ ತಿಂಗಳಲ್ಲಿ ಹೀಗೆ ಬೀಳುವುದು ಅಪರೂಪವಂತೆ, ಇಲ್ಲಿಯವರೇ ಹೇಳ್ತಾರೆ. ನಿಮ್ಮ ಸರ್ ಮಗ ಬೆಳಿಗ್ಗೆಯೇ ಓಡಿದ್ದಾನೆ. ಮೇಡಂ ನೀಲಿ ದಾರಿಯಲ್ಲಿ ಇದ್ದಾರೆ. ಸರ್ ಕಿಟಕಿ ಹತ್ತಿರ ಚಹಾ ಕುಡೀತಾ ಇದ್ದಾರೆ."

"ಸರ್ ಮುಖ ಹೇಗುಂಟು?"

"ಚಹಾ ಕುಡಿಯುವವರ ಮುಖ ಹೇಗಿರ್ತದೆ ಅಕ್ಕ, ಹಾಗೆಯೇ ಉಂಟು."

ಆ ಹಿಮದ ಸುದ್ದಿಯನ್ನು ನಾನು ಬಿಡದೆ ಕೇಳಿದೆ. ಎಷ್ಟು ದಪ್ಪ ಕೂತಿದೆ, ಒದ್ದೆಯೋ ಒಣಗಿದ್ದೋ, ಕೆಳಗಿನ ಹುಲ್ಲು ಮುಚ್ಚಿತೇ, ಕುರಿಗಳು ಎಲ್ಲಿ ಹೋದವು. ಎಲ್ಲ ಕೇಳಿ ಮುಗಿಸಿದಾಗ ನನ್ನ ಕಣ್ಣಿನಲ್ಲಿ ನೀರಿತ್ತು. ಒಲೆಯ ಹೊಗೆ ಎಂದರೂ ನಡೆಯುತ್ತದೆ. ಪಾಯಸ ತಿರುವುತ್ತಿದ್ದ ಅಡುಗೆ ಭಟ್ಟರು ಸೌಟು ನಿಲ್ಲಿಸಿ, "ಎಂತಾಯ್ತು ಅಮ್ಮ? ಗಂಡಿನ ಕಡೆಯವರದ್ದು ಏನಾದ್ರೂ ತಕರಾರಾ?" ಎಂದು ಕೇಳಿದರು.

"ಇಲ್ಲ, ಹಿಮ ಬಿತ್ತು" ಎಂದೆ.

ಅವರು ನನ್ನನ್ನೊಮ್ಮೆ ನೋಡಿ, ಸೆಕೆ ತಲೆಗೇರಿದವರ ಜೊತೆ ಮಾತಾಡಬಾರದೆಂಬ ಹಾಗೆ ಪುನಃ ಪಾಯಸಕ್ಕೆ ತಿರುಗಿದರು.

ಒಳಗೆ ಬಂದಾಗ ಜನ ಚಪ್ಪಾಳೆ ತಟ್ಟಿ ಮುಗಿಸಿ ಊಟದ ಕಡೆ ಹೊರಳುತ್ತಿದ್ದರು. ಹಿರಿಯರಿಗೆ ಕನ್ನಡಕ ಬೇಗ ಸಿಕ್ಕಿತ್ತು. ಹರಿವಾಣ ನನ್ನ ನಾದಿನಿಯ ಕೈಯಲ್ಲಿತ್ತು. ಅವಳು ನೇರಳೆ ಸೀರೆ ಉಟ್ಟು, ಹುಡುಗಿಯ ತಾಯಿಯ ಜಾಗದಲ್ಲಿ, ತಾಯಿಗಿಂತ ಚೆನ್ನಾಗಿ ನಗುತ್ತ ಎಲ್ಲ ಫೋಟೋಗಳಲ್ಲೂ ಬಂದಿದ್ದಾಳೆ. ಮಗಳ ಬೆರಳಿನಲ್ಲಿ ಉಂಗುರವಿತ್ತು. ಬಂದು ನನ್ನ ಮುಂದೆ ನಿಂತಳು.

"ಅಮ್ಮ, ರಿಂಗ್ ಹಾಕುವಾಗ ವೇರ್ ವರ್ ಯೂ? ಎಲ್ಲರೂ ಕರೀತಾ ಇದ್ರು."

ನಾನು ಬಾಯಿ ತೆರೆಯುವ ಮೊದಲೇ ಅವಳ ಕಣ್ಣು ಸೆರಗಿನಿಂದ ಹೊರಗೆ ಕಾಣುತ್ತಿದ್ದ ಫೋನಿಗೆ ಹೋಯಿತು. ಮುಖದಲ್ಲಿದ್ದ ಸಿಟ್ಟು ನೋಡನೋಡುತ್ತ ಕನಿಕರವಾಯಿತು. "ಮುದೀರ್ ಅಂಕಲ್ ಅಲ್ವಾ? ಟುಡೇ ಆಲ್ಸೋ ಬಿಡ್ಲಿಲ್ವಾ ನಿಮ್ಮನ್ನು?"

ನಾನು ಹೌದು ಎನ್ನಲಿಲ್ಲ. ಇಲ್ಲ ಎನ್ನಲೂ ಇಲ್ಲ. ಸೆರಗು ಸರಿಮಾಡಿಕೊಂಡು ಒಂದು ಉಸಿರು ಬಿಟ್ಟೆ. ನಮ್ಮಲ್ಲಿ ಅದಕ್ಕೆ ಹೌದು ಎಂದೇ ಅರ್ಥ. ಸುದ್ದಿ ಊಟದ ಪಂಕ್ತಿಯ ಉದ್ದಕ್ಕೂ ಸಾರಿಗಿಂತ ಬೇಗ ಹರಿಯಿತು. ನನ್ನವರು ಬಡಿಸುವುದನ್ನು ನಿಲ್ಲಿಸಿ ಅರಬರ ಮೇಲೆ ಒಂದು ಸಣ್ಣ ಭಾಷಣ ಮಾಡಿದರು. ದೋಹಾದ ಮೈದುನ ತಲೆಯಾಡಿಸಿ ತನ್ನ ಕಫೀಲನ ಕಥೆ ತೆಗೆದ. ಹುಡುಗನ ತಾಯಿ ಎದ್ದು ಬಂದು ನನ್ನ ಕೈ ಹಿಡಿದುಕೊಂಡು, "ಎಂತ ಜನ ಮಾರಾಯ್ರೆ, ಮಗಳ ಉಂಗುರದ ಹೊತ್ತಿಗೂ ಬಿಡುವುದಿಲ್ಲ ಅಂದ್ರೆ. ಇಷ್ಟು ಕಷ್ಟದಲ್ಲೂ ನೀವು ಬಂದ್ರಲ್ಲ, ಅದೇ ದೊಡ್ಡದು" ಎಂದರು. ನನ್ನ ಎಲೆಗೆ ತಾವೇ ಒಂದು ಹೋಳಿಗೆ ಹೆಚ್ಚು ಬಡಿಸಿದರು. ಕಷ್ಟಪಟ್ಟ ಹೆಂಗಸು ಹೇಗೆ ತಲೆ ತಗ್ಗಿಸಿ ಉಣ್ಣಬೇಕೋ ಹಾಗೆ ತಗ್ಗಿಸಿ ಆ ಹೋಳಿಗೆಯನ್ನು ತುಪ್ಪ ಹಾಕಿಸಿಕೊಂಡು ಉಂಡೆ.

ಪಾಪ ಮುದೀರರು. ಆ ರಜೆಯ ಅಷ್ಟೂ ದಿನಗಳಲ್ಲಿ ಅವರು ನನಗೆ ಒಂದು ಮಿಸ್ಡ್ ಕಾಲ್ ಕೂಡ ಕೊಟ್ಟಿರಲಿಲ್ಲ.